ಎದುರು ಕಿಟಕಿಯ ಸಬ್ಬಸಿಗೆ

ಬೆಳಿಗ್ಗೆ ಏಳೂಕಾಲಿಗೆ ಸರಿಯಾಗಿ ಡಾಗ್ನಿ ತನ್ನ ಅಡುಗೆಮನೆಯ ಕಿಟಕಿಗೆ ಬಂದು ಮೂರೂ ಕುಂಡಗಳಿಗೆ ನೀರು ಹಾಕಿದಳು. ಅಂಗಳದ ಈಚೆ ಬದಿಯ ಎರಡನೆಯ ಮಹಡಿಯಲ್ಲಿ, ಪರದೆಯನ್ನು ಎರಡು ಬೆರಳಷ್ಟು ಸರಿಸಿಕೊಂಡು, ಮೆರ್ಟಾ ಅದನ್ನು ನೋಡಿದಳು. ಆ ಕುಂಡಗಳಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಅವುಗಳಲ್ಲಿ ಬಿದ್ದ ಸಬ್ಬಸಿಗೆ ಬೀಜವನ್ನು ಮೆರ್ಟಾ ತನ್ನ ಕೈಯಾರೆ ಓವನ್ನಿನಲ್ಲಿಟ್ಟು ಕೊಂದಿದ್ದಳು. ಫೆಬ್ರವರಿಯಿಂದ ಈ ಜೂನ್‌ವರೆಗೆ, ಒಂದು ದಿನವೂ ತಪ್ಪಿಸದೆ, ಎಪ್ಪತ್ತಾರು ವರ್ಷದ ಆ ಹೆಂಗಸು ಸತ್ತ ಬೀಜಕ್ಕೆ ನೀರುಣಿಸುತ್ತ ಬಂದಿದ್ದಳು. ಇವತ್ತು ನಡುಬೇಸಿಗೆಯ ಹಬ್ಬ, ವರ್ಷದ ಅತಿ ಉದ್ದದ ಹಗಲಿನದು. ಮಧ್ಯಾಹ್ನ ಒಂದಕ್ಕೆ ಎರಡೂ ಕಟ್ಟಡದವರು ಒಂದೇ ಮೇಜಿಗೆ ಕೂರುತ್ತಾರೆ, ಬೇಯಿಸಿದ ಎಳೆ ಆಲೂಗಡ್ಡೆ ಬರುತ್ತದೆ, ಅದರ ಮೇಲೆ ಉದುರಿಸಲು ಈ ವರ್ಷ ಸಬ್ಬಸಿಗೆ ತರುವವಳು ನಾನೇ ಎಂದು ಚಳಿಗಾಲದಿಂದಲೇ ಎಲ್ಲರೆದುರು ಹೇಳಿಕೊಂಡು ತಿರುಗಿದವಳು ಡಾಗ್ನಿ. ಅವಳು ಬರಿಗೈಯಲ್ಲಿ ಬರಬೇಕು. ಅದನ್ನು ಎಲ್ಲರೂ ನೋಡಬೇಕು. ಮೆರ್ಟಾಳಿಗೆ ಬೇಕಾಗಿದ್ದದ್ದು ಅಷ್ಟೇ, ಆದರೆ ಅದರಲ್ಲಿ ಒಂದೆಳೆಯೂ ಕಡಿಮೆಯಾಗಕೂಡದು.

ಮಳೆ ಜಿನುಗುತ್ತಿತ್ತು. ಈ ಊರಿನಲ್ಲಿ ನಡುಬೇಸಿಗೆಯ ಹಬ್ಬಕ್ಕೆ ಮಳೆ ಬಾರದಿದ್ದರೆ ಜನಕ್ಕೆ ದಿಗಿಲಾಗುತ್ತದೆ. ಕೆಳಮನೆಯ ಸ್ಟೂರೆ, ಯಾರೂ ಕೊಡದ ಉಸ್ತುವಾರಿಯನ್ನು ತಾನೇ ವಹಿಸಿಕೊಂಡು ವರ್ಷಾ ವರ್ಷಾ ಹಬ್ಬದ ಮೇಜು ಹಾಕಿಸುವ ಮುದುಕ, ಆಗಲೇ ಒಳಗೆ ಮೇಜಿಗೆ ಜಾಗ ಮಾಡಲು ಸೈಕಲ್ ಕೋಣೆಯ ಬಾಗಿಲು ತೆಗೆದು ಸೈಕಲ್ಲುಗಳನ್ನು ಒಂದೊಂದಾಗಿ ಮಳೆಗೆ ತಳ್ಳುತ್ತಿದ್ದ. ಕಳೆದ ವರ್ಷ ಮಾತ್ರ ಬಿಸಿಲಿತ್ತು. ಅಂಗಳದ ಬರ್ಚ್ ಮರದ ಕೆಳಗೆ ಉದ್ದಕ್ಕೆ ಮೇಜು ಹಾಕಿದ್ದರು. ಬಿಸಿಲು ಇದ್ದದ್ದೇ ತಪ್ಪಾಯಿತು ಎಂದು ಮೆರ್ಟಾ ಎಷ್ಟೋ ಸಲ ಅಂದುಕೊಂಡಿದ್ದಾಳೆ, ಮೋಡವಿದ್ದಿದ್ದರೆ ಅಷ್ಟು ಸಣ್ಣ ಹುಳ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಡಾಗ್ನಿ ತನ್ನ ಆಲೂಗಡ್ಡೆಯ ಮೇಲಿನ ಸೊಪ್ಪಿನೆಸಳನ್ನು ಮುಳ್ಳುಚಮಚದ ತುದಿಯಿಂದ ಎತ್ತಿ, ಬಿಸಿಲಿಗೆ ಹಿಡಿದು, ಕನ್ನಡಕದ ಮೇಲಿಂದ ನೋಡಿ, "ಈ ಸಲ ಮೆರ್ಟಾ ಮಾಂಸಾನೂ ಹಾಕಿದಾಳೆ ಕಣ್ರೋ" ಅಂದಿದ್ದಳು. ಒಂದು ಗಿಡಹೇನು. ಹಸಿರು, ಎಳ್ಳಿಗಿಂತ ಸಣ್ಣದು. ಇಡೀ ಮೇಜು ನಕ್ಕಿತು. ಸ್ಟೂರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಗು ಮುಗಿದ ಮೇಲೆ, ಯಾರೂ ಏನೂ ಅನ್ನದೆ, ತಮ್ಮ ತಮ್ಮ ತಟ್ಟೆಯ ಸೊಪ್ಪನ್ನು ನಯವಾಗಿ ಅಂಚಿಗೆ ಸರಿಸಿದರು. ಹೆರಿಂಗ್ ಮೀನು ತಿಂದರು, ಹುಳಿ ಕೆನೆ ಹಚ್ಚಿಕೊಂಡರು, ಹಾಡಿದರು, ಸೊಪ್ಪನ್ನು ಮಾತ್ರ ಯಾರೂ ಮುಟ್ಟಲಿಲ್ಲ. ತಟ್ಟೆಗಳನ್ನು ತೊಳೆದದ್ದು ಮೆರ್ಟಾಳೇ. ಉಪ್ಪುನೀರಿನಲ್ಲಿ ಮೂರು ಸಲ ಜಾಲಿಸಿದ್ದ ತನ್ನ ಸಬ್ಬಸಿಗೆಯನ್ನು ಹದಿನಾಲ್ಕು ತಟ್ಟೆಗಳ ಅಂಚಿನಿಂದ ಕೆರೆದು ಕಸಕ್ಕೆ ಹಾಕಿದಳು. ಅವಳಿಗೆ ಇವತ್ತಿಗೂ ಸಹಿಸಲಾಗದ ಸಂಗತಿ ಇನ್ನೊಂದಿದೆ. ಅವತ್ತು ಎಲ್ಲರ ಜೊತೆ ಅವಳೂ ನಕ್ಕಿದ್ದಳು.

ಕಾಫಿ ಆರುತ್ತಿತ್ತು. ಅವಳು ಕುಡಿಯಲಿಲ್ಲ. ನಕ್ಕದ್ದು ಅದೇ ಮೊದಲಲ್ಲವಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಡಾಗ್ನಿ ಮುಖ್ಯ ಅಡುಗೆಯವಳು, ಮೆರ್ಟಾ ಅವಳ ಕೈಕೆಳಗಿನವಳು. ಡಾಗ್ನಿ ಉದ್ದನೆಯ ಚಮಚ ಹಿಡಿದು ಒಂದೊಂದೇ ಪಾತ್ರೆಯ ರುಚಿ ನೋಡುತ್ತ ಬರುವಾಗ ಮೆರ್ಟಾ ತನ್ನ ಪಾತ್ರೆಯನ್ನು ಇನ್ನೊಮ್ಮೆ ಕದಡುತ್ತಿದ್ದಳು. "ಮಕ್ಕಳಿಗೆ ಸಾರು ಬೇಕು ಮೆರ್ಟಾ, ಗೋಂದಲ್ಲ" ಎಂದು ಒಂದು ದಿನ ಪಾತ್ರೆಗೆ ಪಾತ್ರೆಯನ್ನೇ ಮೋರಿಗೆ ಬಗ್ಗಿಸಿದ್ದಳು. ಆಗಲೂ ಸುತ್ತ ಇದ್ದ ನಾಲ್ವರು ನಕ್ಕರು, ಮೆರ್ಟಾ ನಕ್ಕಳು. ಕೊಳೆತ ಕೋಸಿನ ವಾಸನೆಯ ಆ ಅಡುಗೆಮನೆಯಲ್ಲಿ ಅವಳದ್ದು ಎನ್ನುವಂಥದ್ದು ಇದ್ದದ್ದು ಕಿಟಕಿಯ ಕಟ್ಟೆಯ ಮೇಲಿನ ಸಬ್ಬಸಿಗೆ ಕುಂಡಗಳು ಮಾತ್ರ. ಅದರ ಬೀಜ ಅವಳ ಅಮ್ಮನದು. ಅಮ್ಮ ಗಂಟಲು ನೋವಿನ ಮಿಠಾಯಿಯ ತಗಡಿನ ಡಬ್ಬಿಯಲ್ಲಿ ಬೀಜ ಇಡುತ್ತಿದ್ದಳು, ಪ್ರತಿವರ್ಷ ಒಂದು ಗಿಡವನ್ನು ಕೊಯ್ಯದೆ ಹೂವಿಗೆ ಬಿಡುತ್ತಿದ್ದಳು. ಅಂಗಡಿಯಿಂದ ಬಂದ ಬೀಜವಾದರೆ ಡಾಗ್ನಿ ನಂಬುತ್ತಿರಲಿಲ್ಲ. ಕಾಫಿ ಸೋಸುವ ಕಾಗದವನ್ನು ಒದ್ದೆ ಮಾಡಿ, ಅದರ ಮೇಲೆ ಹತ್ತು ಬೀಜ ಇಟ್ಟು, ಮಡಚಿ, ತಟ್ಟೆ ಮುಚ್ಚಿ, ಬಿಸಿನೀರಿನ ಕೊಳವೆಯ ಪಕ್ಕ ಇಡುತ್ತಿದ್ದಳು. ಎರಡು ವಾರಕ್ಕೆ ಬಿಚ್ಚಿ ಎಷ್ಟು ಮೊಳೆತವೆಂದು ಅದೇ ಕಾಗದದ ಮೇಲೆ ತಾರೀಖಿನ ಜೊತೆ ಬರೆಯುತ್ತಿದ್ದಳು. ಮೆರ್ಟಾಳ ಡಬ್ಬಿಯ ಬೀಜಕ್ಕೆ ಮಾತ್ರ ಆ ಕಾಗದ ಯಾವತ್ತೂ ಬರಲಿಲ್ಲ. "ಇದನ್ನ ನೋಡೋದೇ ಬೇಡ" ಎಂದು ನೇರವಾಗಿ ಮಣ್ಣಿಗೆ ಹಾಕಿಸುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಡಾಗ್ನಿ ಅವಳಿಗೆ ಕೊಟ್ಟ ಮರ್ಯಾದೆ ಅದೊಂದೇ. ಆ ಒಂದು ಮರ್ಯಾದೆಯನ್ನೇ ಹಿಡಿದುಕೊಂಡು ಮೆರ್ಟಾ ಮುಯ್ಯಿ ತೀರಿಸಿಕೊಳ್ಳಲು ಹೊರಟಿದ್ದಳು.

ಅವಕಾಶವನ್ನು ಕೈಗೆ ತಂದುಕೊಟ್ಟವಳೂ ಡಾಗ್ನಿಯೇ. ಜನವರಿಯಲ್ಲಿ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಇಬ್ಬರೂ ಹಾಸಿಗೆಯ ಹೊದಿಕೆಯ ಎರಡು ತುದಿ ಹಿಡಿದು ಎಳೆಯುತ್ತಿದ್ದರು. ಹೊದಿಕೆ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ, ಆದ್ದರಿಂದ ಮಾತು ಬಿಟ್ಟವರೂ ಹೊದಿಕೆ ಹಿಡಿಯುತ್ತಾರೆ. ಡಾಗ್ನಿ ಎಳೆಯುತ್ತ ಎಳೆಯುತ್ತ, "ಈ ಸಲ ಹಬ್ಬಕ್ಕೆ ಸಬ್ಬಸಿಗೆ ನಾನು ತರ್ತೀನಿ ಕಣೇ, ಮನೆ ಒಳಗೇ ಬೆಳೆಸ್ತೀನಿ, ಹುಳ ಹುಪ್ಪಟೆ ಇಲ್ದೆ" ಎಂದಳು. ಸ್ಟೂರೆಗೂ ಹೇಳಿಯಾಗಿದೆಯಂತೆ. "ಬೀಜ ಮಾತ್ರ ನೀನೇ ಕೊಡು. ನಿಮ್ಮಮ್ಮನ ಬೀಜ ಒಳ್ಳೇದು. ಬೆಳೆಸೋ ಕೈ ಸರಿಯಿಲ್ಲ, ಅಷ್ಟೇ." ಮೆರ್ಟಾ ಹೊದಿಕೆಯ ತನ್ನ ತುದಿಯನ್ನು ಡಾಗ್ನಿಯ ಕೈಗೆ ತಂದು ಸೇರಿಸಿದಳು. ಕೊಡ್ತೀನಿ ಅಂದಳು.

ಏಲಕ್ಕಿ ಬ್ರೆಡ್ಡು ಬೆಂದ ಮೇಲೆ ಓವನ್ನಿನಲ್ಲಿ ಇನ್ನೂ ಕಾವಿತ್ತು. ಮೂರು ಚಮಚ ಬೀಜವನ್ನು ತಗಡಿನ ತಟ್ಟೆಯಲ್ಲಿ ಹರಡಿ ಒಳಗೆ ತಳ್ಳಿ, ಕಾವನ್ನು ಇನ್ನಷ್ಟು ಹೆಚ್ಚಿಸಿ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಅರ್ಧ ಗಂಟೆಗೆ ವಾಸನೆ ಬಂತು. ಅದು ಅಮ್ಮ ಸೌತೆಕಾಯಿ ಉಪ್ಪಿಗೆ ಹಾಕುತ್ತಿದ್ದ ದಿನದ ವಾಸನೆ. ಎದ್ದು ಓವನ್ ಆರಿಸಿಬಿಡಬೇಕು ಅನ್ನಿಸಿತು. ಅಮ್ಮನ ಬೀಜ, ಅಮ್ಮನ ಅಮ್ಮನ ಬೀಜ. ಆಗ ಮುಳ್ಳುಚಮಚದ ತುದಿ ಬಿಸಿಲಿಗೆ ಹೊಳೆದದ್ದು ಕಣ್ಣಿಗೆ ಬಂತು, ಮಾಂಸಾನೂ ಹಾಕಿದಾಳೆ ಕಣ್ರೋ, ಕೂತಲ್ಲೇ ಕೂತಳು. ಸುಟ್ಟ ವಾಸನೆ ಹೋಗಲೆಂದು ಮೂರು ದಿನ ಬಾಲ್ಕನಿಯ ಚಳಿಯಲ್ಲಿ ಆರಿಸಿದಳು. ಬಣ್ಣ ಸ್ವಲ್ಪ ಗಾಢವಾಗಿತ್ತು, ಹಳೆಯ ಬೀಜ ಅಂದರೆ ನಡೆಯುತ್ತಿತ್ತು. ಪುಟ್ಟ ಲಕೋಟೆಗೆ ಹಾಕಿ, ದುಂಡಗೆ ಹೆಸರು ಬರೆದು, ಅಂಗಳ ದಾಟಿ ಹೋಗಿ ಕೊಟ್ಟುಬಂದಳು. ಡಾಗ್ನಿ ಬಾಗಿಲಲ್ಲೇ ಲಕೋಟೆ ತೆಗೆದುಕೊಂಡು ಮೆರ್ಟಾಳ ಮುಖವನ್ನು ಒಂದು ಗಳಿಗೆ ಹೆಚ್ಚಿಗೆ ನೋಡಿದಳು. ಒಳ್ಳೇದಾಗ್ಲಿ ಎಂದು ಮೆರ್ಟಾ ನಕ್ಕು ಬಂದಳು. ಮೆಟ್ಟಿಲಿಳಿಯುವಾಗ ಮಂಡಿನೋವು ಕೂಡ ಇರಲಿಲ್ಲ.

ಉಳಿದ ಒಳ್ಳೆಯ ಬೀಜವನ್ನು ಅವಳು ಮಲಗುವ ಕೋಣೆಯಲ್ಲಿ ಬಿತ್ತಿದಳು. ಆ ಕಿಟಕಿ ಬೀದಿಗೆ ತೆರೆಯುತ್ತದೆ, ಅಂಗಳಕ್ಕೆ ಕಾಣುವುದಿಲ್ಲ. ಸಬ್ಬಸಿಗೆಯ ಬೇರು ನೇರ ಕೆಳಗಿಳಿಯುವಂಥದ್ದು, ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ, ಅದಕ್ಕೇ ಆಳವಾದ ಕುಂಡವನ್ನೇ ಆರಿಸಿ, ಬೀಜದ ಮೇಲೆ ಮಣ್ಣು ಮುಚ್ಚಿತೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಉದುರಿಸಿ, ನೀರನ್ನು ಸುರಿಯದೆ ಚಿಮುಕಿಸಿದಳು. ಹನ್ನೊಂದನೆಯ ದಿನ ಮೊಳಕೆ ಎದ್ದವು, ಬಗ್ಗಿದ ಕತ್ತಿನ, ದಾರದಷ್ಟು ಸಣ್ಣ ಮೊಳಕೆ. ಹೊರಗೆ ಮೊಣಕಾಲುದ್ದ ಹಿಮ. ಬೆಳಕು ಸಾಲದೆ ಸೊರಗಬಾರದೆಂದು ಗಂಡ ಲೆನ್ನಾರ್ಟ್ ಇದ್ದಾಗ ಓದಲು ಬಳಸುತ್ತಿದ್ದ ದೀಪವನ್ನು ಕುಂಡಗಳ ಮೇಲಕ್ಕೆ ಬಗ್ಗಿಸಿ ಕಟ್ಟಿದಳು. ದಿನಾ ಕುಂಡ ತಿರುಗಿಸುವುದು, ಕಾಂಡ ಗಟ್ಟಿಯಾಗಲೆಂದು ಅಂಗೈಯಿಂದ ಮೆಲ್ಲಗೆ ಸವರುವುದು. ಮೂರು ವಾರಕ್ಕೊಮ್ಮೆ ಹೊಸದಾಗಿ ಬಿತ್ತುವುದು, ಒಂದು ಕಂತು ಸೋತರೆ ಇನ್ನೊಂದು ಇರಲಿ ಎಂದು. ಎಲೆ ಎಲೆಯ ಅಡಿಯನ್ನೂ ಭೂತಗನ್ನಡಿ ಹಿಡಿದು ನೋಡಿ, ಸೋಪಿನ ನೀರಿನಿಂದ ಒರೆಸಿದಳು. ಇಷ್ಟು ಅಕ್ಕರೆಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ, ಮತ್ತು ಅದು ಅಕ್ಕರೆಯಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಸೊಪ್ಪು ಸವರಿದ ಕೈಯಲ್ಲೇ ಅಡುಗೆಮನೆಗೆ ಬಂದು ಪರದೆ ಸರಿಸಿ ನಿಲ್ಲುತ್ತಿದ್ದಳು. ಎದುರಿಗೆ ಡಾಗ್ನಿ ಬರಿಯ ಮಣ್ಣಿನ ಮೇಲೆ ಬಗ್ಗಿ ನೋಡುವುದು, ಬೆರಳಿಂದ ಕೆದಕುವುದು, ಅದೇ ಲಕೋಟೆಯಿಂದ ಮತ್ತೆ ಬಿತ್ತುವುದು. ಅಂಗಡಿಗೆ ಹೋಗಿ ಬೇರೆ ಬೀಜ ತರಬಾರದೇ ಇವಳು? ತರುವುದಿಲ್ಲ, ಅಹಂಕಾರ, ಸೋತೆ ಅಂತ ಒಪ್ಪಿಕೊಳ್ಳುವ ಜಾತಿಯಲ್ಲ. ನೋಡಿದಷ್ಟೂ ಮೆರ್ಟಾಳ ಹೊಟ್ಟೆ ತಣ್ಣಗಾಗುತ್ತಿತ್ತು.

ಮೇ ತಿಂಗಳಲ್ಲಿ ಮಾತ್ರ ಒಂದು ದಿನ ಎಡವಟ್ಟಾಯಿತು. ಮತ್ತೆ ಅದೇ ಬಟ್ಟೆ ಕೋಣೆ, ಅದೇ ಹೊದಿಕೆ. ಡಾಗ್ನಿ ತನ್ನ ತುದಿಯನ್ನು ಹಿಡಿದು ಸುಮ್ಮನೆ ನಿಂತುಬಿಟ್ಟಳು, ಎಳೆಯಲಿಲ್ಲ. "ನನ್ ತಲೆ ಸರಿಯಿಲ್ಲ ಅನ್ಸತ್ತೆ ಮೆರ್ಟಾ" ಎಂದಳು. "ಬಿತ್ತಿದೀನಿ ಅಂದ್ಕೊಂಡು ಬಿತ್ತೇ ಇಲ್ವೋ ಏನೋ. ಥೋರಾಗೂ ಹಿಂಗೇ ಶುರುವಾಗಿದ್ದು." ಥೋರಾ ಅವಳ ಅಕ್ಕ. ಮರೆವಿನ ಕಾಯಿಲೆಯಲ್ಲಿ ಕೊನೆಯ ನಾಲ್ಕು ವರ್ಷ ಸ್ವಂತ ತಂಗಿಯನ್ನೇ ದಾದಿ ಎಂದು ಕರೆಯುತ್ತ ತೀರಿಕೊಂಡವಳು. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಅವಳಿಗೆ ಸೂಪು ಕುಡಿಸಿ ಬರುತ್ತಿದ್ದ ಡಾಗ್ನಿಯನ್ನು ಮೆರ್ಟಾ ನೋಡಿದ್ದಳು. ಹೊದಿಕೆ ಇಬ್ಬರ ನಡುವೆ ಜೋಲುಬಿದ್ದಿತ್ತು. ಬಾಯಿಗೆ ಬಂದೇಬಿಟ್ಟಿತ್ತು ಮಾತು: ತಲೆ ಸರಿಯಾಗೇ ಇದೆ, ಬೀಜ ಸರಿಯಿಲ್ಲ. ಹೇಳಿದರೆ? ಜೀವನವಿಡೀ ಇನ್ನು ಅದೇ ಆಗುತ್ತದೆ, ಸ್ಟೂರೆಯ ಬಾಯಿಗೆ ಬೀಳುತ್ತದೆ, ಮತ್ತೆ ಎಲ್ಲರೂ ನಗುತ್ತಾರೆ. "ನೀರು ಕಮ್ಮಿ ಆಗಿರ್ಬೇಕು" ಎಂದಳು ಮೆರ್ಟಾ. "ಇನ್ನೂ ಹೆಚ್ಚು ಹಾಕು. ಹೊತ್ತಿಗೆ ಸರಿಯಾಗಿ ಹಾಕು." ಹೂಂ ಎಂದು ಡಾಗ್ನಿ ತಲೆಯಾಡಿಸಿದಳು. ಇಪ್ಪತ್ತಾರು ವರ್ಷ ತನಗೆ ಅಪ್ಪಣೆ ಕೊಟ್ಟವಳು ತನ್ನ ಅಪ್ಪಣೆಗೆ ತಲೆಯಾಡಿಸಿದಳು. ಮಹಡಿ ಹತ್ತಿ ಬಂದ ಮೆರ್ಟಾ ಬಟ್ಟೆಯ ಬುಟ್ಟಿಯನ್ನು ಬಾಗಿಲಲ್ಲೇ ಬಿಟ್ಟು ಮಲಗುವ ಕೋಣೆಗೆ ಹೋಗಿ ಕುಂಡಗಳನ್ನು ತಿರುಗಿಸಿಟ್ಟಳು. ಸಂತೋಷವೋ ವಾಕರಿಕೆಯೋ ಬಗೆಹರಿಯಲಿಲ್ಲ. ಮರುದಿನ ಬೆಳಿಗ್ಗೆ ಏಳೂಕಾಲಿಗೆ ಡಾಗ್ನಿ ಕಿಟಕಿಗೆ ಬಂದಳು, ಅವತ್ತಿನಿಂದ ಒಂದು ನಿಮಿಷ ಹಿಂದೆ ಮುಂದೆ ಇಲ್ಲ.

ಹನ್ನೆರಡೂವರೆಗೆ ಮೆರ್ಟಾ ಕತ್ತರಿ ಹಿಡಿದು ಮಲಗುವ ಕೋಣೆಗೆ ಹೋದಳು. ಒಂದೊಂದೇ ಎಸಳು ಕೊಯ್ದು, ಮೂರು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿದಳು. ಏನೂ ಇರಲಿಲ್ಲ. ಅಮ್ಮನ ನೀಲಿ ಅಂಚಿನ ಬೋಗುಣಿಗೆ ತುಂಬಿಸಿ, ಕನ್ನಡಿಯಲ್ಲಿ ಒಂದು ಸಲ ಮುಖ ನೋಡಿಕೊಂಡು, ಇಷ್ಟು ದಿನ ಕಲಿತು ಇಟ್ಟುಕೊಂಡ ಮಾತನ್ನು ಬಾಯೊಳಗೇ ಹೇಳಿನೋಡಿದಳು. ಅಯ್ಯೋ ಪಾಪ, ಬರ್ಲೇ ಇಲ್ವಾ? ಸದ್ಯ, ನಾನೂ ಒಂಚೂರು ತಂದಿದೀನಿ.

ಸೈಕಲ್ ಕೋಣೆಯಲ್ಲಿ ಟೈರಿನ ವಾಸನೆಯೂ ಹೆರಿಂಗ್ ಮೀನಿನ ವಾಸನೆಯೂ ಬೆರೆತಿತ್ತು. ಗೋಡೆಯ ಕೊಕ್ಕೆಗಳಿಗೆ ಸ್ಟೂರೆ ಬರ್ಚ್ ಕೊಂಬೆ ಸಿಕ್ಕಿಸಿದ್ದ, ಕಾಗದದ ಮೇಜುಹಾಸು ಆಗಲೇ ಒದ್ದೆಯಾಗಿತ್ತು. ಡಾಗ್ನಿ ಮೊದಲೇ ಬಂದು ಕೂತಿದ್ದಳು, ನೀಲಿ ಹೂವಿನ ಅಂಗಿ, ಎದೆಗೆ ಬೆಳ್ಳಿಯ ಪಿನ್ನು, ಅವಳ ಮುಂದೆ ಮೇಜು ಖಾಲಿ. ಮೆರ್ಟಾ ತಾನಾಗಿ ಏನೂ ಕೇಳಬೇಕಾಗಲಿಲ್ಲ, ಆಲೂಗಡ್ಡೆಯ ಪಾತ್ರೆ ತಂದಿಟ್ಟ ಸ್ಟೂರೆಯೇ ಕೇಳಿದ. "ಎಲ್ಲಿ ಡಾಗ್ನಿ, ಹುಳ ಇಲ್ದಿರೋ ಸೊಪ್ಪು?"

"ನಂದು ಹುಟ್ಲೇ ಇಲ್ಲ" ಎಂದಳು ಡಾಗ್ನಿ.

ಎಲ್ಲರೂ ಡಾಗ್ನಿಯ ಮುಂದಿನ ಖಾಲಿ ಜಾಗವನ್ನು ನೋಡಿದರು. ಮೆರ್ಟಾ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ನಾಲ್ಕು ತಿಂಗಳು ಕಾದದ್ದು ಇದಕ್ಕೇ. ಕಲಿತ ಮಾತನ್ನು ಕಲಿತ ಹಾಗೇ ಹೇಳಿ ಬೋಗುಣಿಯನ್ನು ನಡುಮೇಜಿಗೆ ಇಟ್ಟಳು. ಜನ ಅಬ್ಬಾ ಅಂದರು. ಇಷ್ಟು ಹಸಿರಾದ ಸೊಪ್ಪನ್ನು ತಾನು ಹುಟ್ಟಿದ ಹಳ್ಳಿಯಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲವೆಂದು ಸ್ಟೂರೆ ಸಾರಿದ, ಬೆರಳ ತುಂಬ ತೆಗೆದು ಆಲೂಗಡ್ಡೆಯ ಮೇಲೆ ಸುರಿದುಕೊಂಡ. ಬೋಗುಣಿ ಕೈಯಿಂದ ಕೈಗೆ ಹೋಯಿತು. ಮೆರ್ಟಾಳ ಕಿವಿ ಬಿಸಿಯಾಯಿತು. ಇದು ಗೆಲುವು ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಳ್ಳಬೇಕಾಗಿ ಬಂದದ್ದು ಯಾಕೋ ಸರಿಬರಲಿಲ್ಲ. ಜನ ಸಣ್ಣ ಲೋಟಗಳನ್ನೆತ್ತಿ ಮೊದಲ ಹಾಡು ಶುರು ಮಾಡಿದಾಗ ಪಕ್ಕದಲ್ಲಿ ಕೂತಿದ್ದ ಡಾಗ್ನಿ ಕೈಚೀಲ ತೆರೆದು, ಮಡಚಿದ ಕಂದು ಕಾಗದವೊಂದನ್ನು ತೆಗೆದು, ಮೇಜಿನ ಕೆಳಗಿಂದ ಮೆರ್ಟಾಳ ತೊಡೆಯ ಮೇಲಿಟ್ಟಳು. ಕಾಫಿ ಸೋಸುವ ಕಾಗದ. ಒಣಗಿ ಗರಿಗರಿಯಾಗಿತ್ತು. ಬಿಚ್ಚಿದರೆ ಹತ್ತು ಬೀಜ, ಎರಡು ಸಾಲಿನಲ್ಲಿ ಐದೈದು, ಇಟ್ಟ ದಿನದ ಹಾಗೇ ಅಂಟಿಕೊಂಡಿದ್ದವು. ಮೂಲೆಯಲ್ಲಿ ಶಾಲೆಯ ಅಡುಗೆಮನೆಯ ಭರಣಿಗಳ ಮೇಲಿರುತ್ತಿದ್ದ ಅದೇ ಅಕ್ಷರ: ಮೆರ್ಟಾಳ ಸಬ್ಬಸಿಗೆ. ಹತ್ತಕ್ಕೆ ಸೊನ್ನೆ. ತಾರೀಖು ಫೆಬ್ರವರಿ ಇಪ್ಪತ್ತೊಂದು. ಮೇ ತಿಂಗಳ ಆ ಹೊದಿಕೆಗಿಂತ ಎರಡೂವರೆ ತಿಂಗಳು ಹಿಂದಿನದು.

"ಯಾವತ್ತೂ ನೋಡ್ದೋಳಲ್ಲ ನಿನ್ನ ಬೀಜಾನ" ಎಂದಳು ಡಾಗ್ನಿ, ಹಾಡುವವರ ಕಡೆಗೇ ಮುಖ ಮಾಡಿಕೊಂಡು, ಮೆಲ್ಲಗೆ. "ಈ ಸಲ ನೋಡ್ದೆ. ನೀನು ನಗ್ತಾ ಕೊಟ್ಟೆ ನೋಡು, ಅದಕ್ಕೆ."

ಮೆರ್ಟಾ ಕಾಗದವನ್ನು ಮತ್ತೆ ಮಡಚಿದಳು. "ಮತ್ತೆ ನೀರು... ದಿನಾ..."

"ಬೆಳಿಗ್ಗೆ ಎದ್ದು ಅಂದ್ಕೊತಿದ್ದೆ, ಇವತ್ತು ಬರ್ತಾಳೆ, ಬಂದು ಹೇಳ್ತಾಳೆ ಅಂತ. ಪರದೆ ಹಿಂದೆ ನಿಂತಿರ್ತಿದ್ದೆ ನೀನು. ಕಾಣ್ಸಲ್ಲ ಅಂದ್ಕೊಂಡಿದ್ಯಾ?" ಡಾಗ್ನಿ ಹಾಡಿನ ಕೊನೆಗೆ ಎಲ್ಲರ ಜೊತೆ ಲೋಟ ಎತ್ತಿ, ಒಂದು ಗುಟುಕು ಕುಡಿದು, ಕೆಳಗಿಟ್ಟಳು. "ತಲೆ ಕೆಟ್ಟಿದೆ, ಥೋರಾ ಥರಾ ಅಂದಾಗ್ಲಾದ್ರೂ ಹೇಳ್ತೀಯ ಅಂತಿದ್ದೆ. ನೀನು, ನೀರು ಹಾಕು ಅಂದೆ."

ಯಾರಿಗಾದರೂ ಹೇಳಿದೀಯಾ ಎಂದು ಕೇಳಬೇಕೆಂದು ಮೆರ್ಟಾ ಬಾಯಿ ತೆರೆದಳು, ತಾನು ಕೇಳಹೊರಟದ್ದು ಅದೊಂದನ್ನೇ ಎಂದು ಗೊತ್ತಾಗಿ ಮುಖ ಬೆವರಿತು. ಡಾಗ್ನಿಗೆ ಅದೂ ತಿಳಿಯಿತು. "ಯಾರಿಗೂ ಹೇಳಲ್ಲ ಬಿಡು" ಎಂದಳು. ಅಷ್ಟರಲ್ಲಿ ಬೋಗುಣಿ ಮೇಜು ಸುತ್ತಿ ಅವಳ ಕೈಗೆ ಬಂದಿತ್ತು. ಅವಳು ಸಾವಕಾಶವಾಗಿ ಒಂದು ಎಸಳು ಆರಿಸಿ ತನ್ನ ಆಲೂಗಡ್ಡೆಯ ಮೇಲಿಟ್ಟುಕೊಂಡಳು. ಮುಳ್ಳುಚಮಚ ಕೆಳಗಿಳಿಯುವ ಮೊದಲು ಮೆರ್ಟಾ ಅದನ್ನು ನೋಡಿದಳು. ಎಸಳಿನ ಕವಲಿನಲ್ಲಿ ಒಂದು ಹಸಿರು ಚುಕ್ಕೆ, ಎಳ್ಳಿಗಿಂತ ಸಣ್ಣದು, ಕಾಲಾಡಿಸುತ್ತಿತ್ತು. ಮೂರು ನೀರು, ಸೋಪು, ಭೂತಗನ್ನಡಿ, ಯಾವುದಕ್ಕೂ ಸಿಗದೆ ಉಳಿದುಕೊಂಡಿತ್ತು. ಡಾಗ್ನಿಯ ಚಮಚ ಅರ್ಧದಲ್ಲಿ ನಿಂತಿತು. ಅವಳೂ ನೋಡಿದ್ದಳು. ಕನ್ನಡಕದ ಮೇಲಿಂದ ಮೊದಲು ಹುಳವನ್ನು ನೋಡಿದಳು, ಆಮೇಲೆ ಮೆರ್ಟಾಳನ್ನು. ಎತ್ತಿ ಹಿಡಿಯಲಿ, ಮೆರ್ಟಾ ಒಳಗೊಳಗೇ ಬೇಡಿಕೊಂಡಳು, ಎಲ್ಲರಿಗೂ ತೋರಿಸಲಿ, ಮಾಂಸ ಅನ್ನಲಿ, ಎಲ್ಲರೂ ನಗಲಿ, ನಾನೂ ನಗುತ್ತೇನೆ.

ಡಾಗ್ನಿ ಎಸಳನ್ನು ಹುಳದ ಸಮೇತ ಬಾಯಿಗಿಟ್ಟುಕೊಂಡಳು. ಆತುರವಿಲ್ಲದೆ ಅಗಿದಳು, ನುಂಗಿದಳು, ಕರವಸ್ತ್ರದಿಂದ ತುಟಿಯೊರೆಸಿಕೊಂಡಳು. "ಚೆನ್ನಾಗಿದೆ ಮೆರ್ಟಾ" ಎಂದಳು, ಮೇಜಿನ ಆ ತುದಿಗೂ ಕೇಳುವ ಹಾಗೆ. "ಮುಂದಿನ ವರ್ಷಾನೂ ನೀನೇ ತಾ." ಹೌದು ಹೌದು ಎಂದು ಸ್ಟೂರೆ ಲೋಟ ಎತ್ತಿದ, ಎಲ್ಲರೂ ಮೆರ್ಟಾಳ ಕಡೆಗೆ ತಿರುಗಿ ಎತ್ತಿದರು. ಮೆರ್ಟಾ ತೊಡೆಯ ಮೇಲಿನ ಕಾಗದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಡಾಗ್ನಿ ನಗುವುದನ್ನೇ ಕಾಯುತ್ತಿದ್ದಳು. ಡಾಗ್ನಿ ನಗಲಿಲ್ಲ, ಇನ್ನೊಂದು ಆಲೂಗಡ್ಡೆ ಹಾಕಿಸಿಕೊಂಡಳು.